ಮನೆಮನೆಯಲ್ಲಿ ವಾಯುಗುಣದ ಗಣಿತ

ಮನೆಯಲ್ಲಿರುವ ಗಣಕಯಂತ್ರವು ದಿನದ ಬಹುಭಾಗವನ್ನು ಹೇಗೆ ಕಳೆಯುತ್ತದೆಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಪತ್ರವೊಂದನ್ನು ಬರೆಯುವಾಗ ಒಂದು ಅಕ್ಷರವನ್ನು ಒತ್ತಿ ಮುಂದಿನ ಅಕ್ಷರಕ್ಕೆ ಬೆರಳು ಹೋಗುವಷ್ಟರಲ್ಲಿ ಅದು ಕೋಟ್ಯಂತರ ಲೆಕ್ಕಗಳನ್ನು ಮಾಡಿ ಮುಗಿಸಬಲ್ಲುದು. ಆದರೆ ಮಾಡಲು ಲೆಕ್ಕವೇ ಇಲ್ಲದ್ದರಿಂದ ಸುಮ್ಮನೆ ಕಾದಿರುತ್ತದೆ. ನಾವು ಊಟಕ್ಕೆ ಎದ್ದು ಹೋದಾಗಲಂತೂ ಅದಕ್ಕೆ ಪೂರ್ಣ ವಿಶ್ರಾಂತಿ. ಲೋಕದಲ್ಲಿ ಇಂಥ ಗಣಕಗಳು ಕೋಟಿಗಟ್ಟಲೆ ಇವೆ. ಕಾಲುವೆ ತೋಡದ ಹೊಳೆಯ ನೀರಿನಂತೆ ಅವುಗಳ ಶಕ್ತಿಯ ದೊಡ್ಡ ಪಾಲು ಯಾವ ಉಪಯೋಗಕ್ಕೂ ಬಾರದೆ ಹೋಗುತ್ತದೆ. ಈ ಶಕ್ತಿಯನ್ನು ಒಟ್ಟುಗೂಡಿಸಿ, ಭೂಮಿಯ ವಾಯುಗುಣ ಮುಂದೆ ಹೇಗೆ ಬದಲಾಗುವುದೆಂಬ ದೊಡ್ಡ ಪ್ರಶ್ನೆಯ ವಿಚಾರಣೆಗೆ ಬಳಸಬಾರದೇಕೆ? ೧೯೯೯ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಮೈಲ್ಸ್ ಆಲನ್ ‘ನೇಚರ್’ ಪತ್ರಿಕೆಯಲ್ಲಿ ಈ ಸಲಹೆಯನ್ನು ಮುಂದಿಟ್ಟರು. ಆ ಸಲಹೆ ಕಾರ್ಯರೂಪಕ್ಕೆ ಬಂದ ಬಗೆಯನ್ನೂ ಅದರಿಂದ ದೊರೆತ ತಿಳಿವಳಿಕೆಯನ್ನೂ ಈ ಲೇಖನದಲ್ಲಿ ನೋಡೋಣ.

ಹವೆಯೂ ವಾಯುಗುಣವೂ

ಮೊದಲು ಎರಡು ಪದಗಳ ಅರ್ಥವನ್ನು ಬೇರ್ಪಡಿಸಿಕೊಳ್ಳಬೇಕು. ಇಂದು ಮಧ್ಯಾಹ್ನ ನಮ್ಮೂರಿನಲ್ಲಿ ಬಿಸಿಲೋ ಮಳೆಯೋ ಎಂಬುದು ಹವೆಯ ವಿಷಯ. ಅನೇಕ ವರ್ಷಗಳ ಹವೆಯನ್ನು ಒಟ್ಟಾಗಿ ನೋಡಿದಾಗ ತೋರುವ ಸ್ವಭಾವವೇ ವಾಯುಗುಣ. ಮುಂದಿನ ವರ್ಷ ಜುಲೈ ಹನ್ನೆರಡರಂದು ಮಡಿಕೇರಿಯಲ್ಲಿ ಎಷ್ಟು ಮಳೆ ಬೀಳುವುದೆಂದು ಯಾರೂ ಹೇಳಲಾರರು. ಆದರೆ ಅಲ್ಲಿ ಜುಲೈ ತಿಂಗಳಿನಲ್ಲಿ ಫೆಬ್ರವರಿಗಿಂತ ಬಹಳ ಹೆಚ್ಚು ಮಳೆ ಬೀಳುವುದೆಂದು ಮಕ್ಕಳೂ ಹೇಳಬಲ್ಲರು. ದಾಳವನ್ನು ಒಮ್ಮೆ ಎಸೆದಾಗ ಯಾವ ಸಂಖ್ಯೆ ಬೀಳುವುದೋ ತಿಳಿಯದು. ಸಾವಿರ ಸಲ ಎಸೆದರೆ ಆರು ಎಷ್ಟು ಸಲ ಬೀಳಬಹುದೆಂಬುದು ಸ್ಥೂಲವಾಗಿ ತಿಳಿದೇ ಇದೆ. ಹವೆಗೂ ವಾಯುಗುಣಕ್ಕೂ ಇರುವ ಸಂಬಂಧ ಇಂಥದು.

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಭೂಮಿಯಿಂದ ಹೊರಟ ಶಾಖದ ಒಂದಂಶವನ್ನು ಹಿಡಿದಿಡುತ್ತದೆಂಬುದು ಹತ್ತೊಂಬತ್ತನೆಯ ಶತಮಾನದಿಂದಲೂ ತಿಳಿದ ಸಂಗತಿ. ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು ೨೮೦ ಭಾಗವಿದ್ದಿತು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ೧೯೫೮ರಲ್ಲಿ ನಿರಂತರವಾದ ಅಳತೆ ಆರಂಭವಾದಾಗ ಸುಮಾರು ೩೧೫ ಭಾಗ. ಈಗ ೪೨೦ನ್ನು ಮೀರಿದೆ. ಈ ಪ್ರಮಾಣ ೨೮೦ರಿಂದ ೫೬೦ಕ್ಕೆ, ಎಂದರೆ ಇಮ್ಮಡಿಗೆ ಏರಿ ನಿಂತರೆ ಭೂಮಿಯ ಸರಾಸರಿ ಉಷ್ಣತೆ ಕೊನೆಗೆ ಎಷ್ಟು ಡಿಗ್ರಿ ಏರುತ್ತದೆ? ಈ ಏರಿಕೆಗೆ ವಾಯುಗುಣದ ಸಂವೇದನೆ ಎಂದು ಹೆಸರು. ೧೯೭೯ರಲ್ಲಿ ಅಮೆರಿಕದ ಜೂಲ್ ಚಾರ್ನಿಯವರ ಅಧ್ಯಕ್ಷತೆಯ ಸಮಿತಿಯೊಂದು ಅದು ೧.೫ರಿಂದ ೪.೫ ಡಿಗ್ರಿ ಸೆಂಟಿಗ್ರೇಡಿನ ನಡುವೆ ಇರಬಹುದೆಂದು ಅಂದಾಜು ಮಾಡಿತು. ಒಂದೂವರೆ ಡಿಗ್ರಿಯಾದರೆ ಒಂದು ಬಗೆಯ ಲೋಕ, ನಾಲ್ಕೂವರೆಯಾದರೆ ಮತ್ತೊಂದು ಬಗೆಯ ಲೋಕ. ಬೆಳೆ, ನೀರು, ಕರಾವಳಿಯ ಊರುಗಳು, ಎಲ್ಲದರ ಭವಿಷ್ಯವೂ ಈ ಅಂತರದಲ್ಲಿ ಅಡಗಿದೆ.

ಗಣಿತದ ಭೂಮಿ

ಈ ಪ್ರಶ್ನೆಗೆ ಉತ್ತರ ಕಾಣಲು ಎರಡನೆಯ ಭೂಮಿಯೊಂದನ್ನು ತಂದು ಕಾಯಿಸಿ ನೋಡುವುದು ಸಾಧ್ಯವಿಲ್ಲ. ಆದುದರಿಂದ ವಿಜ್ಞಾನಿಗಳು ಗಣಿತದಲ್ಲಿ ಭೂಮಿಯನ್ನು ರಚಿಸಿಕೊಳ್ಳುತ್ತಾರೆ. ವಾಯುಮಂಡಲವನ್ನು ಚೌಕುಳಿಗಳಾಗಿ ವಿಭಾಗಿಸಿ, ಒಂದೊಂದು ಚೌಕುಳಿಯಲ್ಲಿಯೂ ಗಾಳಿಯ ಒತ್ತಡ, ವೇಗ, ಉಷ್ಣತೆ, ತೇವ ಇವುಗಳನ್ನು ಬರೆದುಕೊಂಡು, ಭೌತವಿಜ್ಞಾನದ ನಿಯಮಗಳ ಪ್ರಕಾರ ಸ್ವಲ್ಪ ಹೊತ್ತಿನ ಮೇಲೆ ಅವು ಏನಾಗುವುವೆಂದು ಲೆಕ್ಕ ಹಾಕುವುದು ಇದರ ವಿಧಾನ.

ಇದನ್ನು ಮೊದಲು ಮಾಡಿನೋಡಿದವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಮೊದಲನೆಯ ಮಹಾಯುದ್ಧದಲ್ಲಿ ಅವರು ಆಯುಧ ಹಿಡಿಯಲು ಒಪ್ಪದೆ ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ಗಾಡಿಯ ಚಾಲಕರಾಗಿದ್ದರು. ಬಿಡುವಿನ ವೇಳೆಯಲ್ಲಿ, ೧೯೧೦ನೆಯ ಮೇ ೨೦ರ ಹವೆಯನ್ನು ಆರು ಗಂಟೆಗಳ ಕಾಲ ಮುಂದಕ್ಕೆ ಲೆಕ್ಕ ಹಾಕಲು ಅವರಿಗೆ ಸುಮಾರು ಆರು ವಾರ ಹಿಡಿಯಿತು. ಉತ್ತರವೋ ತೀರ ತಪ್ಪಾಗಿತ್ತು: ಒತ್ತಡವು ಆರು ಗಂಟೆಗಳಲ್ಲಿ ೧೪೫ ಮಿಲಿಬಾರ್ ಏರುವುದೆಂದು ಲೆಕ್ಕ ತೋರಿಸಿತು, ವಾಸ್ತವವಾಗಿ ಅದು ಹೆಚ್ಚು ಕಡಿಮೆ ಇದ್ದಂತೆಯೇ ಇದ್ದಿತು. ಆದರೂ ವಿಧಾನ ಸರಿಯೆಂಬ ನಂಬಿಕೆಯಿಂದ ರಿಚರ್ಡ್‌ಸನ್ ೧೯೨೨ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಆ ಪುಸ್ತಕದಲ್ಲಿ ಒಂದು ವಿಚಿತ್ರ ಕಲ್ಪನೆಯುಂಟು. ದೊಡ್ಡ ನಾಟಕಶಾಲೆಯಂಥ ಕಟ್ಟಡ. ಗೋಡೆಯ ತುಂಬ ಭೂಪಟ. ಅದರ ಮುಂದೆ ೬೪,೦೦೦ ಮಂದಿ ಲೆಕ್ಕಿಗರು ಕುಳಿತು ತಮ್ಮ ತಮ್ಮ ಪ್ರದೇಶದ ಲೆಕ್ಕವನ್ನು ಮಾಡುತ್ತಾರೆ. ನಡುವಿನ ಕಂಬದ ಮೇಲೆ ನಿಂತ ಮುಖ್ಯಸ್ಥನು ಮುಂದೆ ಓಡುವವರನ್ನೂ ಹಿಂದೆ ಬೀಳುವವರನ್ನೂ ಬಣ್ಣದ ಬೆಳಕು ಬೀರಿ ಎಚ್ಚರಿಸುತ್ತಾನೆ.

ವಿದ್ಯುತ್ ಗಣಕಗಳು ಬಂದ ಮೇಲೆ ಈ ಕನಸು ಬೇರೊಂದು ರೂಪದಲ್ಲಿ ನನಸಾಯಿತು. ೧೯೫೦ರಲ್ಲಿ ಅಮೆರಿಕದ ‘ಎನಿಯಾಕ್’ ಯಂತ್ರವು ಇಪ್ಪತ್ತನಾಲ್ಕು ಗಂಟೆಗಳ ಹವೆಯನ್ನು ಲೆಕ್ಕ ಹಾಕಲು ಸುಮಾರು ಇಪ್ಪತ್ತನಾಲ್ಕು ಗಂಟೆಗಳನ್ನೇ ತೆಗೆದುಕೊಂಡಿತು. ೧೯೬೭ರಲ್ಲಿ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಇಂಗಾಲದ ಡೈಆಕ್ಸೈಡನ್ನು ಇಮ್ಮಡಿಗೊಳಿಸಿದರೆ ಉಷ್ಣತೆ ಎಷ್ಟು ಏರುವುದೆಂಬ ಪ್ರಸಿದ್ಧ ಲೆಕ್ಕವನ್ನು ಪ್ರಕಟಿಸಿದರು. ಇಂಥ ಕೆಲಸಗಳಿಗಾಗಿ ಮನಾಬೆಯವರಿಗೆ ೨೦೨೧ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಮೋಡ ಎಂಬ ತೊಡಕು

ಬ್ರಿಟನ್ನಿನ ಹವಾಮಾನ ಇಲಾಖೆಯ ಹ್ಯಾಡ್ಲಿ ಕೇಂದ್ರವು ರಚಿಸಿದ ಒಂದು ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಭೂಗೋಳದ ಸುತ್ತ ೯೬ ವಿಭಾಗಗಳು, ಧ್ರುವದಿಂದ ಧ್ರುವದವರೆಗೆ ೭೩ ಸಾಲುಗಳು, ಎತ್ತರದಲ್ಲಿ ೧೯ ಪದರಗಳು. ಇವುಗಳನ್ನು ಗುಣಿಸಿದರೆ ೧,೩೩,೧೫೨ ಚೌಕುಳಿಗಳಾಗುತ್ತವೆ. ಸಮಭಾಜಕ ವೃತ್ತದ ಬಳಿ ಒಂದು ಚೌಕುಳಿಯ ಉದ್ದ ನಾನ್ನೂರು ಕಿಲೋಮೀಟರಿಗೂ ಹೆಚ್ಚು, ಅಗಲ ಇನ್ನೂರೆಂಬತ್ತು ಕಿಲೋಮೀಟರಿನ ಸಮೀಪ. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣವು ಇಂಥ ಎರಡು ಚೌಕುಳಿಗಳನ್ನೂ ತುಂಬಲಾರದು! ಮಳೆ ಧಾರಾಕಾರವಾಗಿ ಸುರಿಯುವ ಆಗುಂಬೆಯೂ ಮಳೆಗಾಗಿ ಬಾಯ್ದೆರೆಯುವ ಚಿತ್ರದುರ್ಗವೂ ಒಂದೇ ಚೌಕುಳಿಯೊಳಗೆ ಬೀಳುವಷ್ಟು ಹತ್ತಿರದಲ್ಲಿವೆ.

ಹೀಗಿರುವಾಗ ಕೆಲವೇ ಕಿಲೋಮೀಟರು ಅಗಲದ ಮೋಡವೊಂದನ್ನು ಈ ಬಲೆ ಹಿಡಿಯುವುದಾದರೂ ಹೇಗೆ? ಹಿಡಿಯಲಾರದು. ಆದುದರಿಂದ ಚೌಕುಳಿಯ ಒಟ್ಟು ಸ್ಥಿತಿಯನ್ನು ನೋಡಿ ಅದರಲ್ಲಿ ಮೋಡ ಎಷ್ಟಿರಬಹುದೆಂದು ಕೆಲವು ಸೂತ್ರಗಳ ಮೂಲಕ ಊಹಿಸಬೇಕಾಗುತ್ತದೆ. ಈ ಸೂತ್ರಗಳಲ್ಲಿ ಬರುವ ಕೆಲವು ಅಂಕಗಳ ಬೆಲೆಯನ್ನು ಯಾರೂ ಖಚಿತವಾಗಿ ಅರಿಯರು. ಮೋಡದೊಳಗಿನ ಹಿಮದ ಕಣಗಳು ಎಷ್ಟು ವೇಗವಾಗಿ ಕೆಳಗಿಳಿಯುತ್ತವೆ? ಗಾಳಿಯಲ್ಲಿ ತೇವ ಎಷ್ಟಾದಾಗ ಮೋಡ ಕಟ್ಟಲು ತೊಡಗುತ್ತದೆ? ಮೇಲೇರುವ ಮೋಡವು ಸುತ್ತಲಿನ ಒಣಗಾಳಿಯನ್ನು ಎಷ್ಟರಮಟ್ಟಿಗೆ ತನ್ನೊಳಗೆ ಬೆರೆಸಿಕೊಳ್ಳುತ್ತದೆ? ಈ ಕೊನೆಯ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಒಣಗಾಳಿ ಕಡಿಮೆ ಬೆರೆತರೆ ಮೋಡವು ನೀರಾವಿಯನ್ನು ಬಹಳ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ನೀರಾವಿಯು ಶಾಖವನ್ನು ತಡೆಯುವ ಹೊದಿಕೆಯಂತೆ ವರ್ತಿಸುತ್ತದೆ. ಹೀಗೆ ಒಂದು ಅಂಕದ ಅಲ್ಪ ವ್ಯತ್ಯಾಸವು ಭೂಮಿಯ ಭವಿಷ್ಯದ ಉಷ್ಣತೆಯನ್ನೇ ಬದಲಾಯಿಸಬಲ್ಲುದು.

ಉಪಾಯವೇನು? ಅನಿಶ್ಚಿತವಾದ ಪ್ರತಿಯೊಂದು ಅಂಕಕ್ಕೂ ಸಂಭವನೀಯವಾದ ಬೇರೆ ಬೇರೆ ಬೆಲೆಗಳನ್ನು ಕೊಟ್ಟು, ಎಲ್ಲ ಬಗೆಯ ಜೋಡಣೆಗಳನ್ನೂ ಪರೀಕ್ಷಿಸಬೇಕು. ಆರು ಅಂಕಗಳಿಗೆ ಮೂರು ಮೂರು ಬೆಲೆಗಳನ್ನು ಕೊಟ್ಟರೆ ೭೨೯ ಜೋಡಣೆಗಳಾಗುತ್ತವೆ. ಇಷ್ಟೇ ಸಾಲದು. ಅಮೆರಿಕದ ಎಡ್ವರ್ಡ್ ಲೊರೆನ್ಜ್ ೧೯೬೧ರಲ್ಲಿ ೦.೫೦೬೧೨೭ ಎಂಬ ಅಂಕಕ್ಕೆ ಬದಲಾಗಿ ೦.೫೦೬ ಎಂದು ಕೊಟ್ಟಾಗ, ಆರಂಭದಲ್ಲಿದ್ದ ಅತ್ಯಲ್ಪ ಅಂತರವು ಬೆಳೆಬೆಳೆದು ಹವೆಯ ಲೆಕ್ಕವೇ ಬೇರೆ ದಾರಿ ಹಿಡಿಯಿತು. ಆದುದರಿಂದ ಪ್ರತಿಯೊಂದು ಜೋಡಣೆಯನ್ನೂ ಆರಂಭದ ಸ್ಥಿತಿಯನ್ನು ಸ್ವಲ್ಪ ಸ್ವಲ್ಪ ಬದಲಾಯಿಸಿ ಹಲವು ಸಲ ನಡೆಸಬೇಕು. ಒಟ್ಟು ಸಾವಿರಾರು ಭೂಮಿಗಳು! ಅಷ್ಟು ಲೆಕ್ಕಕ್ಕೆ ಬಿಡುವುಳ್ಳ ಮಹಾಗಣಕ ಆಗ ಯಾವ ಸಂಸ್ಥೆಯಲ್ಲಿಯೂ ಇರಲಿಲ್ಲ.

ಹಂಚಬಹುದಾದ ಕೆಲಸ

ಇಲ್ಲಿಯೇ ಮನೆಯ ಗಣಕಗಳು ರಂಗಕ್ಕೆ ಬರುತ್ತವೆ. ರಿಚರ್ಡ್‌ಸನ್ನರ ಕಲ್ಪನೆಯಲ್ಲಿ ಪ್ರತಿಯೊಬ್ಬ ಲೆಕ್ಕಿಗನೂ ಹೆಜ್ಜೆಹೆಜ್ಜೆಗೆ ನೆರೆಯವನ ಉತ್ತರಕ್ಕಾಗಿ ಕಾಯಬೇಕಾಗಿತ್ತು. ಒಂದೇ ಭೂಮಿಯ ಲೆಕ್ಕವನ್ನು ತುಂಡುಮಾಡಿ ದೂರದೂರದ ಮನೆಗಳಿಗೆ ಹಂಚಿದರೆ, ಲೆಕ್ಕಕ್ಕಿಂತ ಉತ್ತರಗಳನ್ನು ಕಳುಹಿಸಿ ಕಾಯುವುದರಲ್ಲಿಯೇ ಹೊತ್ತು ಕಳೆದುಹೋಗುವುದು. ಆದರೆ ಮನೆಗೊಂದು ಇಡೀ ಭೂಮಿಯನ್ನೇ ಕೊಟ್ಟರೆ ಆ ತೊಂದರೆಯಿಲ್ಲ. ಒಂದು ಮನೆಯ ಭೂಮಿಗೂ ಮತ್ತೊಂದು ಮನೆಯ ಭೂಮಿಗೂ ಯಾವ ಸಂಬಂಧವೂ ಬೇಕಿಲ್ಲ. ಎಲ್ಲರೂ ತಮ್ಮ ಲೆಕ್ಕ ಮುಗಿದ ಮೇಲೆ ಉತ್ತರವನ್ನು ಒಂದೆಡೆಗೆ ಕಳುಹಿಸಿದರೆ ಸಾಕು.

ಇಂಥ ಸಹಕಾರಕ್ಕೆ ಮಾದರಿ ಆಗಲೇ ಇದ್ದಿತು. ೧೯೯೯ರ ಮೇ ತಿಂಗಳಿನಲ್ಲಿ ಅಮೆರಿಕದ ಬರ್ಕಲಿಯಲ್ಲಿ ಆರಂಭವಾದ ‘ಸೆಟಿ ಅಟ್ ಹೋಮ್’ ಎಂಬ ಯೋಜನೆಯು ರೇಡಿಯೊ ದೂರದರ್ಶಕವು ಸಂಗ್ರಹಿಸಿದ ಸಂಕೇತಗಳನ್ನು ಮನೆಮನೆಗೆ ಹಂಚಿ, ಅನ್ಯಲೋಕದ ಬುದ್ಧಿಜೀವಿಗಳ ಸುಳಿವಿಗಾಗಿ ಶೋಧಿಸುತ್ತಿತ್ತು. ೨೦೨೦ರ ಮಾರ್ಚಿನವರೆಗೂ ಅದು ಕೆಲಸವನ್ನು ಹಂಚಿತು. ವಾಯುಗುಣದ ಯೋಜನೆಯು ‘ಕ್ಲೈಮೇಟ್‌ಪ್ರೆಡಿಕ್ಷನ್ ಡಾಟ್ ನೆಟ್’ ಎಂಬ ಹೆಸರಿನಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ನೇತೃತ್ವದಲ್ಲಿ ೨೦೦೩ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮುಂದಿನ ವರ್ಷ ಅದು ಬರ್ಕಲಿಯಲ್ಲಿಯೇ ಸಿದ್ಧವಾದ ‘ಬಾಯಿಂಕ್’ ಎಂಬ ಸಾಮಾನ್ಯ ತಂತ್ರಾಂಶವನ್ನು ಅಳವಡಿಸಿಕೊಂಡಿತು.

ಇದರಲ್ಲಿ ಸೇರಬಯಸುವವನು ಅಂತರಜಾಲದ ಮೂಲಕ ತಂತ್ರಾಂಶವನ್ನು ಇಳಿಸಿಕೊಳ್ಳುತ್ತಾನೆ. ಅದರೊಡನೆ ಅವನ ಪಾಲಿನ ಭೂಮಿಯೂ ಬರುತ್ತದೆ. ಗಣಕದ ಒಡೆಯನಿಗೆ ಬೇರೆ ಕೆಲಸವಿರುವಾಗ ಈ ಲೆಕ್ಕವು ಹಿಂದೆ ಸರಿಯುತ್ತದೆ. ಅವನು ಸುಮ್ಮನಿರುವಾಗ ಮುಂದೆ ಸಾಗುತ್ತದೆ. ಆಗಾಗ ತನ್ನ ಸ್ಥಿತಿಯನ್ನು ಬರೆದಿಟ್ಟುಕೊಳ್ಳುವುದರಿಂದ ವಿದ್ಯುತ್ತು ಹೋದರೂ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಮೊದಲ ಪ್ರಯೋಗದಲ್ಲಿ ಪ್ರತಿಯೊಂದು ಭೂಮಿಯೂ ಹದಿನೈದು ಹದಿನೈದು ವರ್ಷಗಳ ಮೂರು ಘಟ್ಟಗಳನ್ನು ದಾಟಬೇಕಾಗಿತ್ತು. ಮೊದಲ ಘಟ್ಟದಲ್ಲಿ ಸಮುದ್ರದ ಉಷ್ಣತೆಯನ್ನು ವಾಸ್ತವದ ಅಳತೆಗೆ ಹೊಂದಿಸುವುದು. ಎರಡನೆಯದರಲ್ಲಿ ಆ ಹಿಡಿತವನ್ನು ಬಿಟ್ಟು ಭೂಮಿಯು ಸ್ಥಿರವಾಗಿ ನಿಲ್ಲುವುದೇ ಎಂದು ನೋಡುವುದು. ಮೂರನೆಯದರಲ್ಲಿ ಇಂಗಾಲದ ಡೈಆಕ್ಸೈಡನ್ನು ಇಮ್ಮಡಿಗೊಳಿಸಿ ಪರಿಣಾಮವನ್ನು ಅಳೆಯುವುದು. ಲೆಕ್ಕ ಅರ್ಧ ಗಂಟೆಗೊಂದು ಹೆಜ್ಜೆಯಂತೆ ಸಾಗುತ್ತದೆ. ಈ ಮಾದರಿಯಲ್ಲಿ ವರ್ಷಕ್ಕೆ ೩೬೦ ದಿನಗಳಾದ್ದರಿಂದ ನಲವತ್ತೈದು ವರ್ಷಗಳಿಗೆ ೭,೭೭,೬೦೦ ಹೆಜ್ಜೆಗಳಾದವು. ಚೌಕುಳಿಗಳ ಸಂಖ್ಯೆಯಿಂದ ಇದನ್ನು ಗುಣಿಸಿದರೆ ಹತ್ತು ಸಾವಿರ ಕೋಟಿಯನ್ನು ಮೀರುತ್ತದೆ. ಇಷ್ಟನ್ನೂ ಒಂದು ಮನೆಯ ಮೇಜಿನ ಮೇಲಿನ ಯಂತ್ರ ಮಾಡಿ ಮುಗಿಸುತ್ತಿತ್ತು.

ಹನ್ನೊಂದು ಡಿಗ್ರಿಯ ಕಥೆ

೨೦೦೫ರ ಜನವರಿಯಲ್ಲಿ ಡೇವಿಡ್ ಸ್ಟೇನ್‌ಫೋರ್ತ್ ಮತ್ತು ಸಂಗಡಿಗರು ಮೊದಲ ಫಲಿತಾಂಶವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ವೇಳೆಗೆ ೧೪೦ ದೇಶಗಳ ೯೦,೦೦೦ಕ್ಕೂ ಹೆಚ್ಚು ಮಂದಿ ಯೋಜನೆಯಲ್ಲಿ ಸೇರಿದ್ದರು. ಎರಡು ಸಾವಿರಕ್ಕೂ ಮಿಕ್ಕ ಭೂಮಿಗಳ ಲೆಕ್ಕವನ್ನು ಪರಿಶೀಲಿಸಿದಾಗ, ವಾಯುಗುಣದ ಸಂವೇದನೆಯು ೨ ಡಿಗ್ರಿಗಿಂತ ಕೆಳಗಿನಿಂದ ೧೧ ಡಿಗ್ರಿಗೂ ಮೇಲಿನವರೆಗೆ ಹರಡಿಕೊಂಡಿತ್ತು. ಹೆಚ್ಚು ಸಂಖ್ಯೆಯ ಉತ್ತರಗಳು ೩ರಿಂದ ೪ ಡಿಗ್ರಿಯ ನಡುವೆ ಗುಂಪುಗೂಡಿದ್ದರೂ ಕೆಲವು ಪತ್ರಿಕೆಗಳು ಹನ್ನೊಂದನ್ನೇ ಹಿಡಿದು ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಿದುವು.

ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ಹನ್ನೊಂದು ಡಿಗ್ರಿ ಎಂಬುದು ಭವಿಷ್ಯವಾಣಿಯಲ್ಲ. ಅಂಥ ಉತ್ತರ ಕೊಟ್ಟ ಮಾದರಿಗಳೂ ಇಂದಿನ ವಾಯುಗುಣವನ್ನು ಉಳಿದ ಮಾದರಿಗಳಷ್ಟೇ ಚೆನ್ನಾಗಿ ಚಿತ್ರಿಸಿದ್ದುವು. ಆ ಒಂದು ಪರೀಕ್ಷೆಯಿಂದ ಅವುಗಳನ್ನು ತಳ್ಳಿಹಾಕುವುದು ಸಾಧ್ಯವಾಗಲಿಲ್ಲ ಎಂಬಷ್ಟೇ ಅದರ ಅರ್ಥ. ಇನ್ನೂ ಕಠಿಣವಾದ ಪರೀಕ್ಷೆ ಬೇಕಾಗಿತ್ತು. ಬೇಸಗೆಯಿಂದ ಚಳಿಗಾಲಕ್ಕೆ ಉಷ್ಣತೆ ಇಳಿಯುವ ಬಗೆಯನ್ನು ವಾಸ್ತವದ ಅಳತೆಗಳೊಡನೆ ಹೋಲಿಸಿ, ೨೦೦೬ರಲ್ಲಿ ರೆಟೊ ಕ್ನುಟಿ ಮತ್ತು ಸಂಗಡಿಗರು ಇದೇ ಮನೆಗಣಕಗಳ ಫಲಿತಾಂಶಗಳನ್ನು ಸೋಸಿ ನೋಡಿದರು. ಆಗ ೩ರಿಂದ ೩.೫ ಡಿಗ್ರಿಯ ಸುತ್ತಲಿನ ಬೆಲೆಗಳು ಹೆಚ್ಚು ಹೊಂದಿಕೆಯಾದುವು, ೬.೫ಕ್ಕಿಂತ ಹೆಚ್ಚಿನವು ಅಸಂಭವವೆಂದು ತೋರಿತು. ಅಂತರಸರ್ಕಾರಿ ವಾಯುಗುಣ ಸಮಿತಿಯು ಅನೇಕ ಬಗೆಯ ಸಾಕ್ಷ್ಯಗಳನ್ನು ಸೇರಿಸಿ ೨೦೨೧ರಲ್ಲಿ ಕೊಟ್ಟ ಅಂದಾಜು ೨.೫ರಿಂದ ೪ ಡಿಗ್ರಿ, ನಡುವಿನ ಬೆಲೆ ೩ ಡಿಗ್ರಿ. ತಿಳಿಯದ್ದರ ಮೇರೆ ಎಲ್ಲಿದೆಯೆಂದು ಮೊದಲು ಪ್ರಾಮಾಣಿಕವಾಗಿ ಗುರುತಿಸಿ, ಅನಂತರ ಅದನ್ನು ಹಂತಹಂತವಾಗಿ ಕಿರಿದುಮಾಡುವುದೇ ವಿಜ್ಞಾನದ ನಡೆ.

ಮನೆಯ ಗಣಕಗಳನ್ನು ನಂಬಬಹುದೆ ಎಂಬ ಸಂದೇಹವೂ ಸಹಜ. ಅವುಗಳ ತಯಾರಿಕೆ ಬೇರೆ ಬೇರೆ, ಅವುಗಳಲ್ಲಿರುವ ತಂತ್ರಾಂಶಗಳೂ ಬೇರೆ ಬೇರೆ. ಇದಕ್ಕಾಗಿ ಒಂದೇ ಲೆಕ್ಕವನ್ನು ಹಲವು ಯಂತ್ರಗಳಿಗೆ ಕೊಟ್ಟು ಹೋಲಿಸಲಾಯಿತು. ಸುಮಾರು ೫೭,೦೦೦ ಲೆಕ್ಕಗಳನ್ನು ಪರಿಶೀಲಿಸಿ ೨೦೦೭ರಲ್ಲಿ ಪ್ರಕಟವಾದ ಅಧ್ಯಯನವು, ಯಂತ್ರಭೇದದ ಪ್ರಭಾವವು ಮೋಡದ ಅಂಕಗಳ ಪ್ರಭಾವದ ಮುಂದೆ ಅಲ್ಪವೆಂದು ತೋರಿಸಿತು.

ಒಂದು ತಪ್ಪೂ ಅದರ ಪಾಠವೂ

ಯೋಜನೆಯ ದಾರಿ ಸುಗಮವಾಗಿಯೇ ಇರಲಿಲ್ಲ. ೨೦೦೬ರ ಫೆಬ್ರವರಿಯಲ್ಲಿ ಬಿ.ಬಿ.ಸಿ. ಸಂಸ್ಥೆಯ ಸಹಕಾರದಿಂದ ಎರಡನೆಯ ಪ್ರಯೋಗ ಆರಂಭವಾಯಿತು. ಈ ಸಲ ಪ್ರತಿಯೊಂದು ಗಣಕವೂ ಆಳವಾದ ಸಾಗರವುಳ್ಳ ಭೂಮಿಯೊಂದನ್ನು ೧೯೨೦ರಿಂದ ೨೦೮೦ರವರೆಗೆ ನಡೆಸಬೇಕಾಗಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಮಾದರಿಯ ಭೂಮಿಗಳು ಬೇಗ ಬೇಗ ಬಿಸಿಯಾಗುತ್ತಿರುವುದು ಕಂಡುಬಂತು. ಕಾರಣ ಹುಡುಕಿದಾಗ, ಕಾರ್ಖಾನೆಗಳ ಹೊಗೆಯಿಂದ ಹೊರಡುವ ಗಂಧಕದ ಕಣಗಳ ಪ್ರಮಾಣವು ಕಾಲಕ್ರಮದಲ್ಲಿ ಏರಿದುದನ್ನು ಲೆಕ್ಕಕ್ಕೆ ಒದಗಿಸಬೇಕಾದ ಕಡತದಲ್ಲಿ ದೋಷವಿದ್ದಿತು. ಈ ಕಣಗಳು ಬಿಸಿಲನ್ನು ಹಿಂದಕ್ಕೆ ಚದುರಿಸಿ ಭೂಮಿಯನ್ನು ಸ್ವಲ್ಪ ತಂಪಾಗಿಡುತ್ತವೆ; ಅವು ಕಡಿಮೆಯಾದಾಗ ಮಾದರಿಯು ಅತಿಯಾಗಿ ಕಾದಿತು. ವಿಜ್ಞಾನಿಗಳು ಇದನ್ನು ಮುಚ್ಚಿಡದೆ ಏಪ್ರಿಲಿನಲ್ಲಿ ಬಹಿರಂಗವಾಗಿ ತಿಳಿಸಿ, ಎಲ್ಲರೂ ಮತ್ತೆ ೧೯೨೦ರಿಂದ ಆರಂಭಿಸುವಂತೆ ಮಾಡಿದರು. ಹಗಲಿರುಳು ಯಂತ್ರ ನಡೆಸಿದ್ದವರಿಗೆ ಇದು ನಿರಾಶೆಯ ಸುದ್ದಿಯೇ ಸರಿ.

ಮತ್ತೆ ನಡೆದ ಆ ಲೆಕ್ಕಗಳ ಫಲ ೨೦೧೨ರಲ್ಲಿ ಪ್ರಕಟವಾಯಿತು. ಸುಮಾರು ಹತ್ತು ಸಾವಿರ ಲೆಕ್ಕಗಳಲ್ಲಿ ಹಿಂದಿನ ಐವತ್ತು ವರ್ಷಗಳ ವಾಸ್ತವಕ್ಕೆ ಹೊಂದಿಕೊಂಡವುಗಳನ್ನು ಆರಿಸಿದಾಗ, ಹೊಗೆಯನ್ನು ತಡೆಯುವ ವಿಶೇಷ ಪ್ರಯತ್ನವಿಲ್ಲದೆ ಮಧ್ಯಮ ಗತಿಯಲ್ಲಿ ಸಾಗಿದರೆ ೨೦೫೦ರ ಹೊತ್ತಿಗೆ ಭೂಮಿಯು ೧೯೬೧–೧೯೯೦ರ ಸರಾಸರಿಗಿಂತ ೧.೪ರಿಂದ ೩ ಡಿಗ್ರಿ ಹೆಚ್ಚು ಬಿಸಿಯಾಗಬಹುದೆಂದು ತಿಳಿಯಿತು.

ನೆರೆಗೆ ಹೊಣೆ ಯಾರು?

ಸಾವಿರಾರು ಭೂಮಿಗಳನ್ನು ನಡೆಸುವುದರಿಂದ ಮತ್ತೊಂದು ಪ್ರಯೋಜನವುಂಟು. ೨೦೦೦ನೆಯ ಶರತ್ಕಾಲದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ೧೭೬೬ರಲ್ಲಿ ದಾಖಲೆ ಆರಂಭವಾದಂದಿನಿಂದ ಕಂಡರಿಯದಷ್ಟು ಮಳೆ ಸುರಿದು, ಸುಮಾರು ಹತ್ತು ಸಾವಿರ ಮನೆ ಕಟ್ಟಡಗಳಿಗೆ ನೆರೆಯಿಂದ ಹಾನಿಯಾಯಿತು. ಇದು ಪ್ರಕೃತಿಯ ಸಾಮಾನ್ಯ ವಿಕೋಪವೆ, ಅಥವಾ ಮನುಷ್ಯನ ಪಾಲೂ ಇದರಲ್ಲಿ ಇದ್ದಿತೆ? ನೂರು ವರ್ಷಕ್ಕೊಮ್ಮೆ ಬರುವ ಘಟನೆಯನ್ನು ನೂರು ವರ್ಷಗಳ ಲೆಕ್ಕದಿಂದ ಅರಿಯುವುದು, ದಾಳವನ್ನು ಐದಾರು ಸಲ ಎಸೆದು ಅದರ ಮೋಸವನ್ನು ಕಂಡುಹಿಡಿಯಲು ಹೊರಟಂತೆ. ಸಾವಿರಾರು ಎಸೆತಗಳು ಬೇಕು.

ಮನೆಯ ಗಣಕಗಳು ಈ ಎಸೆತಗಳನ್ನು ಒದಗಿಸಿದುವು. ಒಂದು ಗುಂಪಿನ ಭೂಮಿಗಳಲ್ಲಿ ೨೦೦೦ದಲ್ಲಿ ಇದ್ದ ಗಾಳಿಯನ್ನೇ ಇಡಲಾಯಿತು. ಇನ್ನೊಂದು ಗುಂಪಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯನು ಸೇರಿಸಿದ ಶಾಖಗ್ರಾಹಿ ಅನಿಲಗಳು ಇಲ್ಲದಿದ್ದರೆ ಹೇಗಿರುತ್ತಿತ್ತೋ ಹಾಗೆ ಇಡಲಾಯಿತು. ಎರಡು ಗುಂಪುಗಳಲ್ಲಿಯೂ ಅಂಥ ನೆರೆ ಎಷ್ಟು ಸಲ ಬರುವುದೆಂದು ಎಣಿಸಿ, ಪರ್ದೀಪ್ ಪಾಲ್ ಮತ್ತು ಸಂಗಡಿಗರು ೨೦೧೧ರಲ್ಲಿ ಉತ್ತರ ಕೊಟ್ಟರು. ಹತ್ತರಲ್ಲಿ ಒಂಬತ್ತು ಲೆಕ್ಕಗಳಲ್ಲಿ ನೆರೆಯ ಸಂಭವವು ಶೇಕಡಾ ೨೦ಕ್ಕಿಂತ ಹೆಚ್ಚಾಗಿ ಏರಿತ್ತು. ಮೂರರಲ್ಲಿ ಎರಡು ಲೆಕ್ಕಗಳಲ್ಲಿ ಶೇಕಡಾ ೯೦ಕ್ಕಿಂತಲೂ ಹೆಚ್ಚಾಗಿ ಏರಿತ್ತು. ಮನುಷ್ಯನೇ ನೆರೆಯನ್ನು ತಂದನೆಂದು ಇದರ ಅರ್ಥವಲ್ಲ. ಅದು ಬರುವ ಸಂಭವವನ್ನು ಅವನು ಹೆಚ್ಚಿಸಿದನೆಂದು ಅರ್ಥ. ಮನೆಮಠಗಳನ್ನು ಎಲ್ಲಿ ಕಟ್ಟಬೇಕು, ಸೇತುವೆಯನ್ನು ಎಷ್ಟು ಎತ್ತರಕ್ಕೆ ಏರಿಸಬೇಕು ಎಂದು ನಿರ್ಧರಿಸುವವರಿಗೆ ಈ ಬಗೆಯ ಉತ್ತರ ಬಹು ಮುಖ್ಯ.

ಸೇರಬಯಸುವವರಿಗೆ

ಈ ದಾನ ಸಂಪೂರ್ಣವಾಗಿ ಖರ್ಚಿಲ್ಲದ್ದೆಂದು ಭಾವಿಸಬಾರದು. ದುಡಿಯುವ ಗಣಕವು ಸುಮ್ಮನಿರುವ ಗಣಕಕ್ಕಿಂತ ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ. ಈ ಹೆಚ್ಚಳ ೫೦ ವಾಟ್ ಎಂದು ಇಟ್ಟುಕೊಂಡರೆ, ಹಗಲಿರುಳು ನಡೆಸಿದಾಗ ದಿನಕ್ಕೆ ೧.೨ ಯೂನಿಟ್, ತಿಂಗಳಿಗೆ ೩೬ ಯೂನಿಟ್ ಆಗುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಉತ್ಪಾದನೆಗೆ ಸರಾಸರಿ ಸುಮಾರು ೦.೭ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಆ ಲೆಕ್ಕದಲ್ಲಿ ತಿಂಗಳಿಗೆ ೨೫ ಕಿಲೋಗ್ರಾಂ. ಕೇವಲ ಲೆಕ್ಕಕ್ಕಾಗಿ ಗಣಕವನ್ನು ರಾತ್ರಿಯೆಲ್ಲ ಉರಿಸುವುದಕ್ಕಿಂತ, ಹೇಗೂ ನಡೆಯುತ್ತಿರುವ ಹೊತ್ತಿನಲ್ಲಿ ಅದರ ಬಿಡುವನ್ನು ಕೊಡುವುದು ಮೇಲು. ತೆಳ್ಳನೆಯ ಮಡಿಚುವ ಗಣಕಗಳು ಬೇಗ ಬಿಸಿಯಾಗುವುದರಿಂದ ಅವುಗಳಲ್ಲಿ ಕೆಲಸದ ಪ್ರಮಾಣವನ್ನು ಮಿತಗೊಳಿಸಬೇಕು. ತಂತ್ರಾಂಶದಲ್ಲಿಯೇ ಅದಕ್ಕೆ ಅನುಕೂಲವುಂಟು. ತಂತ್ರಾಂಶವನ್ನು ಯೋಜನೆಯ ಅಧಿಕೃತ ತಾಣದಿಂದಲೇ ಪಡೆಯಬೇಕು. ಕಾಲೇಜಿನ ಅಥವಾ ಕಚೇರಿಯ ಯಂತ್ರಗಳನ್ನು ಅನುಮತಿಯಿಲ್ಲದೆ ಇದಕ್ಕೆ ಬಳಸಬಾರದು.

ಇನ್ನೊಂದು ಮಾತು. ಇಲ್ಲಿ ಲೆಕ್ಕ ಮಾಡುವುದು ಯಂತ್ರ. ಒಡೆಯನು ಕೊಡುವುದು ಅದರ ಬಿಡುವನ್ನು ಮಾತ್ರ. ಇಷ್ಟರಿಂದಲೇ ಅವನು ವಿಜ್ಞಾನಿಯಾಗುವುದಿಲ್ಲ. ಆದರೆ ತನ್ನ ಯಂತ್ರದಲ್ಲಿ ಸುತ್ತುತ್ತಿರುವ ಭೂಮಿಯ ಮೇಲೆ ಮೋಡಗಳು ಏಕೆ ಹೀಗೆ ಕವಿದಿವೆ, ಸಮುದ್ರ ಏಕೆ ತಣ್ಣಗಾಗುತ್ತಿದೆ ಎಂದು ಕೇಳತೊಡಗಿದ ವಿದ್ಯಾರ್ಥಿಯು ಅರ್ಧ ದಾರಿಯನ್ನು ಕ್ರಮಿಸಿದಂತೆಯೇ. ರಿಚರ್ಡ್‌ಸನ್ನರ ನಾಟಕಶಾಲೆಯಲ್ಲಿ ೬೪,೦೦೦ ಮಂದಿಗೆ ಸ್ಥಳವಿದ್ದಿತು. ಇಂದಿನ ಈ ಶಾಲೆಗೆ ಗೋಡೆಗಳಿಲ್ಲ. ನಮ್ಮ ತರುಣರೂ ಅದರಲ್ಲಿ ಒಂದೊಂದು ಪೀಠವನ್ನು ಹಿಡಿಯಬಹುದು.